ಹುಲ್ಲು ಬೆರೆತ ಮಣ್ಣು ಕಲಿಸಿದ ಪಾಠ

ಶಿಕ್ಷಕರಾದವರು ತಾವು ಕಲಿಸಿದ್ದನ್ನು ನೆನೆದು ಹೆಮ್ಮೆಪಡುವುದುಂಟು. ಆದರೆ ಕಲಿಸಲು ಹೋಗಿ ತಾವೇ ಕಲಿತು ಬಂದ ದಿನಗಳನ್ನು ಅವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಹಳ್ಳಿಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿ ಈಗ ನಿವೃತ್ತರಾಗಿರುವ ನಾವು ಅಂಥ ಕೆಲವು ದಿನಗಳ ಸಂಗತಿಯನ್ನು ಓದುಗ ಬಂಧುಗಳ ಮುಂದೆ ಇಡಬೇಕೆಂದು ಬಹುಕಾಲದಿಂದ ಯೋಚಿಸುತ್ತಿದ್ದೆವು. ಇದರಲ್ಲಿ ತಪ್ಪು ನಮ್ಮದು. ತಿದ್ದಿದವರು ಒಬ್ಬ ಹುಡುಗಿ ಮತ್ತು ಅವಳ ಅಜ್ಜಿ.

2007ರ ಮಳೆಗಾಲ. ಧಾರವಾಡ ಜಿಲ್ಲೆಯ ಎರೆಭೂಮಿಯ ಒಂದು ಹಳ್ಳಿ. ಒಂಬತ್ತನೆಯ ತರಗತಿಯಲ್ಲಿ ವಸ್ತುಗಳ ವರ್ಗೀಕರಣವನ್ನು ಹೇಳುತ್ತಿದ್ದೆವು. ಉಸುಕಿನೊಡನೆ ಉಪ್ಪು ಕೂಡಿದರೆ ಅದು ಮಿಶ್ರಣ. ನೀರು ಹಾಕಿ ಬೇರ್ಪಡಿಸಬಹುದು. ಜಲಜನಕವೂ ಆಮ್ಲಜನಕವೂ ಕೂಡಿ ನೀರಾದರೆ ಅದು ಸಂಯುಕ್ತ. ಎರಡೂ ತಮ್ಮ ಗುಣವನ್ನು ಬಿಟ್ಟುಕೊಟ್ಟು ಮೂರನೆಯದೇ ಆಗುತ್ತವೆ. ಇಷ್ಟು ಹೇಳಿ, ಮಕ್ಕಳ ಅರಿವು ಹಿಗ್ಗಲೆಂದು ಮೂರನೆಯ ಬಗೆಯೊಂದನ್ನೂ ಹಲಗೆಯ ಮೇಲೆ ಬರೆದೆವು: ಸಂಯೋಜಿತ ವಸ್ತು. ಇದರಲ್ಲಿ ಒಂದು ವಸ್ತು ಹಿಡಿದಿಡುತ್ತದೆ, ಇನ್ನೊಂದು ಬಲ ಕೊಡುತ್ತದೆ. ಎರಡೂ ತಮ್ಮತನವನ್ನು ಕಳೆದುಕೊಳ್ಳುವುದಿಲ್ಲ, ಕಣ್ಣಿಗೂ ಬೇರೆಯಾಗಿಯೇ ಕಾಣುತ್ತವೆ. ಆದರೂ ಒಂದೊಂದೇ ಮಾಡಲಾಗದ ಕೆಲಸವನ್ನು ಕೂಡಿ ಮಾಡುತ್ತವೆ. ಉದಾಹರಣೆಗೆ ವಿಮಾನದ ರೆಕ್ಕೆ ಎಂದು ಹೇಳಿ, ಮಕ್ಕಳು ಬರೆದುಕೊಳ್ಳುವುದನ್ನೇ ನೋಡುತ್ತ ನಿಂತಿದ್ದೆವು.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ನಮ್ಮ ಅಜ್ಜಿ ಗ್ವಾಡಿಗೆ ಮಣ್ಣು ಕಲಸೂ ಮುಂದ ಹುಲ್ಲು ಹಾಕತಾಳ್ರೀ. ಅದೂ ಇದs ಏನ್ರೀ?” ಎಂದಳು.

ನಮಗೆ ನಗು ಬಂದಿತು. “ಅದು ಕಚ್ಚಾ ಗೋಡೆ, ತಂಗಿ. ಅದನ್ನು ಕಟ್ಟಲಿಕ್ಕೆ ವಿಜ್ಞಾನ ಬೇಕಿಲ್ಲ. ನಾವು ಹೇಳುತ್ತಿರುವುದು ವಿಮಾನದ ಮಾತು” ಎಂದೆವು. ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿ ತಲೆ ತಗ್ಗಿಸಿ ಕುಳಿತಳು. ನಾವು ಪಾಠವನ್ನು ಮುಂದುವರಿಸಿದೆವು.

ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಹೊಲದ ಕೆಲಸದ ದಿನಗಳಾದ್ದರಿಂದ ನಾವೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎಂಟು ದಿನ ಕಳೆದ ಮೇಲೆ ಅವಳ ತಂದೆ ಶಾಲೆಯ ಬಾಗಿಲಿಗೆ ಬಂದು ನಿಂತರು. ಸಿಟ್ಟಿನಿಂದ ಬಂದವರಲ್ಲ, ಸಲಹೆ ಕೇಳಲು ಬಂದವರು. “ಮಣ್ಣಿನ ಮನಿಯಿಂದ ಸಾಲಿಗೆ ಹೋಗೂದಿಲ್ಲ ಅಂತ ಮಗಳು ಹಟ ಹಿಡದಾಳ್ರೀ. ಗ್ವಾಡಿ ಕೆಡವಿ ಸಿಮೆಂಟ್ ಇಟ್ಟಂಗಿ ಕಟ್ಟೂದಾದ್ರ ಸಾಲ ಮಾಡಬೇಕಾಗತೈತಿ. ಏನ ಮಾಡಲ್ರೀ?” ಎಂದರು. ಇದ್ದ ಎರಡು ಎಕರೆಯ ಮೇಲೆ ಬಡ್ಡಿ ಸಾಲಕ್ಕೆ ಮಾತನಾಡಿಯೂ ಬಂದಿದ್ದರು. ನಾವು ಆಡಿದ ಒಂದು ಮಾತು ಒಂದು ಮನೆಯ ಗೋಡೆಗೂ ಹೊಲಕ್ಕೂ ಮುಟ್ಟಿತ್ತು.

ಅಂದು ರಾತ್ರಿ ನಮ್ಮಲ್ಲಿದ್ದ ವಸ್ತುವಿಜ್ಞಾನದ ಗ್ರಂಥವನ್ನು ತೆರೆದೆವು. ಮನುಷ್ಯ ಮಾಡಿದ ಅತಿ ಪ್ರಾಚೀನ ಸಂಯೋಜಿತ ವಸ್ತುಗಳ ಸಾಲಿನಲ್ಲಿ ಮೊದಲು ಬರೆದಿದ್ದುದೇ ಹುಲ್ಲು ಬೆರೆಸಿದ ಮಣ್ಣು! ಈಜಿಪ್ಟ್ ಮತ್ತು ಮೆಸೊಪೊಟೇಮಿಯಾ ನಾಡುಗಳಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಅಂಥ ಇಟ್ಟಿಗೆಗಳನ್ನು ಮಾಡುತ್ತಿದ್ದರು. ಇಡೀ ತರಗತಿಯಲ್ಲಿ ಪಾಠವನ್ನು ನಿಜವಾಗಿ ಗ್ರಹಿಸಿದ್ದವಳು ಅವಳೊಬ್ಬಳೇ. ನಾವು ಹೇಳಿದ ಲಕ್ಷಣವನ್ನು ತನ್ನ ಮನೆಯ ಗೋಡೆಗೆ ಹೊಂದಿಸಿ ನೋಡಿದ್ದಳು. ಅದಕ್ಕೆ ನಾವು ಕೊಟ್ಟ ಪ್ರತಿಫಲ ನಗೆಪಾಟಲು.

ಮರುದಿನ ಬೆಳಗ್ಗೆ ತರಗತಿಯ ಎದುರು ನಿಂತು, ತಪ್ಪು ಹೇಳಿದವರು ನಾವೇ ಎಂದು ಒಪ್ಪಿಕೊಂಡೆವು. ಬರಿಯ ಒಪ್ಪಿಗೆಯಿಂದ ಆಗುವುದೇನು? ಮಾಡಿ ತೋರಿಸೋಣವೆಂದು ಮಕ್ಕಳನ್ನು ಕರೆದುಕೊಂಡು ಶಾಲೆಯ ಹಿಂದಿನ ಎರೆಮಣ್ಣನ್ನು ಅಗೆದು, ನೀರು ಹಾಕಿ, ಕೈಗೆ ಸಿಕ್ಕ ಹುಲ್ಲನ್ನು ಬೆರೆಸಿ, ಅಂದೇ ಅಚ್ಚಿಗೆ ತುಂಬಿ ಬಿಸಿಲಿಗಿಟ್ಟೆವು. ಮೂರು ದಿನಕ್ಕೆ ಒಂದೂ ಉಳಿಯದಂತೆ ಎಲ್ಲ ಪಟ್ಟಿಗಳೂ ಬಿರಿದವು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯ ಹೊಲದಲ್ಲಿ ಕಾಲು ಇಳಿಯುವಷ್ಟು ಬಿರುಕುಗಳನ್ನು ನಾವೆಲ್ಲ ನೋಡಿದವರೇ. ಗೊತ್ತಿದ್ದ ಸಂಗತಿ ಕೈಗೆ ಬಂದಿರಲಿಲ್ಲ.

ಆ ಸಂಜೆ ಹುಡುಗಿಯ ಮನೆಗೆ ಹೋದೆವು. ಅಜ್ಜಿ ಅಂಗಳದಲ್ಲಿ ಕುಳಿತಿದ್ದರು. ನಡೆದುದನ್ನೆಲ್ಲ ಹೇಳಿ, ಬಿರಿದ ಒಂದು ಪಟ್ಟಿಯನ್ನು ಅವರ ಕೈಯಲ್ಲಿಟ್ಟೆವು. ಅವರು ಅದನ್ನು ಎರಡು ಬೆರಳಿನಿಂದ ಮುರಿದು, ಮೂಸಿ ನೋಡಿ, “ಮಾಸ್ತರ, ಮಣ್ಣು ಕೊಳೀಬೇಕ್ರೀ. ಕೊಳೀಲಾರದ ಮಣ್ಣು ಗ್ವಾಡಿ ಹಿಡಿಯೂದಿಲ್ಲ. ಬರೇ ಎರಿ ತಂದೀರಿ, ಹಳೀ ಗ್ವಾಡಿ ಮಣ್ಣು ಯಾರು ಕೂಡಸತಾರ?” ಎಂದು ಕೇಳಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ಮೊಮ್ಮಗಳು ಮೊದಲ ಸಲ ನಕ್ಕಳು. ಈ ಬಾರಿ ನಗು ನಮ್ಮ ಮೇಲಿತ್ತು. ಅದು ನಮಗೆ ಹಿತವಾಗಿತ್ತು.

ಎರಡು ದಿನಗಳ ನಂತರ ಅಜ್ಜಿ ಶಾಲೆಗೆ ಬಂದರು, ಮೊಮ್ಮಗಳ ಕೈ ಹಿಡಿದುಕೊಂಡು. ಅವರು ಹೇಳಿಕೊಟ್ಟ ಕ್ರಮ ಹೀಗಿತ್ತು. ಎರೆಮಣ್ಣಿಗೆ ಹಳೆಯ ಗೋಡೆಯ ಮಣ್ಣನ್ನೂ ಸ್ವಲ್ಪ ಉಸುಕನ್ನೂ ಕೂಡಿಸಬೇಕು. ಹುಲ್ಲನ್ನು ನಾಲ್ಕು ಬೆರಳಿನಷ್ಟು ಉದ್ದಕ್ಕೆ ಕತ್ತರಿಸಬೇಕು. ನೀರು ಹಾಕಿ ಕಾಲಿನಿಂದ ತುಳಿದು, ಗುಡ್ಡೆ ಮಾಡಿ, ಒಂದು ವಾರ ಕೊಳೆಯಲು ಬಿಡಬೇಕು. ದಿನವೂ ಒಮ್ಮೆ ತುಳಿದು ಮಗುಚಬೇಕು. ಪಟ್ಟಿಗಳನ್ನು ಮೊದಲು ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ ಒಣಗಿಸಬೇಕು. ನೆನೆದಷ್ಟೂ ಜೇಡಿಯ ಕಣಕಣಕ್ಕೂ ನೀರು ಸಮನಾಗಿ ಹಬ್ಬಿ, ಹುಲ್ಲು ಮೆತ್ತಗಾಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಉಸುಕು ಕುಗ್ಗುವಿಕೆಯನ್ನು ತಗ್ಗಿಸುತ್ತದೆ. ನೆರಳಿನಲ್ಲಿ ಒಣಗಿದರೆ ಹೊರಮೈ ಒಳಮೈಗಿಂತ ಬಹಳ ಮುಂಚೆ ಕುಗ್ಗುವುದಿಲ್ಲ. ಅಜ್ಜಿ ಈ ಕಾರಣಗಳನ್ನು ನಮ್ಮ ಮಾತಿನಲ್ಲಿ ಹೇಳಲಿಲ್ಲ. ಆದರೆ ಒಂದೊಂದು ಕಾರಣಕ್ಕೂ ಸಲ್ಲುವ ಕೆಲಸವನ್ನು ತಪ್ಪದೆ ಮಾಡುತ್ತಿದ್ದರು.

ಈ ಪ್ರಯೋಗವನ್ನು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಮಾಡಬಯಸುವವರಿಗೆ ವಿವರ ಹೇಳುತ್ತೇವೆ. 25 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ, ಅಷ್ಟೇ ದಪ್ಪದ ಮರದ ಅಚ್ಚು ಸಾಕು. ಒಂದೇ ಮಣ್ಣಿನಿಂದ ಹುಲ್ಲಿಲ್ಲದ ಪಟ್ಟಿಗಳನ್ನೂ ಹುಲ್ಲಿರುವ ಪಟ್ಟಿಗಳನ್ನೂ ಮಾಡಬೇಕು. ಚೆನ್ನಾಗಿ ಒಣಗಿದ ಮೇಲೆ 20 ಸೆಂಟಿಮೀಟರ್ ಅಂತರದ ಎರಡು ಆಸರೆಗಳ ಮೇಲೆ ಪಟ್ಟಿಯನ್ನಿಟ್ಟು, ನಡುವೆ ಹಗ್ಗದಿಂದ ಬಕೆಟ್ ತೂಗುಬಿಟ್ಟು, ಅದಕ್ಕೆ ತಂಬಿಗೆಯಿಂದ ಅಳೆದು ನಿಧಾನವಾಗಿ ನೀರು ಹಾಕಬೇಕು. ಬಕೆಟ್ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಮಕ್ಕಳ ಕಾಲುಗಳು ದೂರವಿರಬೇಕು. ಮುರಿಯುವ ಮೊದಲೇ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದಿಡಬೇಕು. ಊಹೆ, ಕಂಡದ್ದು, ಕಾರಣ ಎಂಬ ಮೂರು ಕಲಮುಗಳುಳ್ಳ ಒಂದು ಪುಟವೇ ಇದರ ಪಠ್ಯಪುಸ್ತಕ.

ಅಂದು ಹುಲ್ಲಿಲ್ಲದ ಪಟ್ಟಿ ಮೂರನೆಯ ತಂಬಿಗೆಗೆ ಥಟ್ಟನೆ ಎರಡು ತುಂಡಾಯಿತು. ಹುಲ್ಲಿನ ಪಟ್ಟಿಯೂ ಹೆಚ್ಚು ಕಡಿಮೆ ಅಷ್ಟೇ ಭಾರಕ್ಕೆ ಬಿರಿಯಿತು, ಆದರೆ ಬೀಳಲಿಲ್ಲ. ಬಿರುಕಿನ ಎರಡು ದಡಗಳನ್ನು ಹುಲ್ಲಿನ ಎಳೆಗಳು ಹಿಡಿದುಕೊಂಡಿದ್ದವು. ಬಕೆಟ್ ಜೋಲಿತು, ತೂಗಿತು, ನಿಂತಿತು. ನಾವು ಹುಲ್ಲಿನ ಪಟ್ಟಿ ಎರಡು ಪಟ್ಟು ಭಾರ ಹೊರುತ್ತದೆಂದು ಊಹಿಸಿ ಬರೆದಿದ್ದೆವು. ನಮ್ಮ ಊಹೆ ತಪ್ಪಿತು. ಆ ತಪ್ಪಿನಿಂದಲೇ ಪಾಠ ಸಿಕ್ಕಿತು. ಹುಲ್ಲಿನ ಮುಖ್ಯ ಕೆಲಸ ಬಿರುಕೇ ಬಾರದಂತೆ ಮಾಡುವುದಲ್ಲ. ಬಂದ ಬಿರುಕು ಓಡದಂತೆ ತಡೆಯುವುದು. ಮಣ್ಣು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಹುಲ್ಲು ಎಳೆತವನ್ನು ತಾಳುತ್ತದೆ, ನಿಲ್ಲಲಾರದು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದೇ ಕಾರಣಕ್ಕೆ ಸಿಮೆಂಟ್ ಕಾಂಕ್ರೀಟಿನೊಳಗೆ ಉಕ್ಕಿನ ಸರಳುಗಳನ್ನು ಹಾಕುತ್ತಾರೆ.

ಇನ್ನೊಂದು ಮಾತನ್ನೂ ಮಕ್ಕಳೇ ಕಂಡುಕೊಂಡರು. ಒಂದು ಹಿಡಿ ಹುಲ್ಲಿನಿಂದ ಇಷ್ಟು ಲಾಭವಾದರೆ ನಾಲ್ಕು ಹಿಡಿಯಿಂದ ಎಷ್ಟಾದೀತೆಂದು ಒಬ್ಬ ಹುಡುಗ ಕೇಳಿದ. ಮಾಡಿ ನೋಡೆಂದೆವು. ನಾಲ್ಕು ಹಿಡಿಯ ಪಟ್ಟಿ ಕೈಯಲ್ಲೇ ಉದುರಿತು. ಹಿಡಿದಿಡುವ ಮಣ್ಣೇ ಸಾಲದಾದಾಗ ಬಲದ ಎಳೆಗಳಿದ್ದೂ ಫಲವಿಲ್ಲ.

ಆ ವರ್ಷದಿಂದ ನಿವೃತ್ತಿಯವರೆಗೆ ಈ ಪಾಠವನ್ನು ನಾವು ಹಲಗೆಯಿಂದ ಆರಂಭಿಸಲಿಲ್ಲ. ಮಣ್ಣಿನ ಜೊತೆಗೆ ಇನ್ನೂ ಮೂರು ಪ್ರಯೋಗಗಳು ಸೇರಿಕೊಂಡವು.

ಮೊದಲನೆಯದು ಕಾಗದದ್ದು. ವೃತ್ತಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ಬಹುಮಟ್ಟಿಗೆ ನೇರವಾಗಿ ಸೀಳುತ್ತದೆ. ಅಡ್ಡಲಾಗಿ ಹರಿದರೆ ಸೊಟ್ಟಸೊಟ್ಟ. ಕಾಗದವು ಯಂತ್ರದಲ್ಲಿ ಸಾಗಿ ಬರುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುವುದೇ ಇದಕ್ಕೆ ಕಾರಣ. ಬಿದಿರು ಉದ್ದಕ್ಕೆ ಸುಲಭವಾಗಿ ಸೀಳಿ, ಅಡ್ಡಕ್ಕೆ ಮುರಿಯಲು ಹಟ ಮಾಡುವುದೂ ಹೀಗೆಯೇ. ಈಗ ಎರಡು ಹಾಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಇಟ್ಟು, ಮೈದಾ ಅಂಟಿನಿಂದ ಅಂಟಿಸಿ, ಒಂದು ರಾತ್ರಿ ಕಲ್ಲಿನಡಿ ಒತ್ತಿಡಬೇಕು. ಒಣಗಿದ ಮೇಲೆ ಅದು ಯಾವ ದಿಕ್ಕಿಗೂ ಸುಲಭವಾಗಿ ನೇರ ಹರಿಯದು. ಪ್ಲೈವುಡ್ಡಿನ ಗುಟ್ಟು ಇಷ್ಟೇ. ಮೈದಾ ಬದಲು ಹುಣಸೆ ಬೀಜದ ಅಂಟನ್ನೂ ಬಳಸಬಹುದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಹಗುರ ಮರದ ಗೊಂಬೆಗಳಿಗೆ ಮೈ ತುಂಬುವುದು ಇದೇ ಅಂಟಿನೊಡನೆ ಸೆಣಬಿನ ಬಟ್ಟೆಯ ನಾರನ್ನೂ ಮರದ ಹೊಟ್ಟನ್ನೂ ಕೂಡಿಸಿದ ಕಣಕದಿಂದ.

ಎರಡನೆಯದು ಮಂಜುಗಡ್ಡೆಯದು, ಮಕ್ಕಳಿಗೆ ಇದರ ಮೇಲೆ ಬಹಳ ಪ್ರೀತಿ. ಹಳೆಯ ಪತ್ರಿಕೆಯನ್ನು ಚೂರು ಮಾಡಿ ರಾತ್ರಿಯೆಲ್ಲ ನೆನೆಸಿ ಅರೆಯಬೇಕು. ತೂಕದಲ್ಲಿ 14 ಪಾಲು ಒಣ ಕಾಗದಕ್ಕೆ 86 ಪಾಲು ನೀರು. ಇದನ್ನು ಒಂದು ಡಬ್ಬಿಯಲ್ಲಿ, ಬರಿಯ ನೀರನ್ನು ಇನ್ನೊಂದು ಡಬ್ಬಿಯಲ್ಲಿ ಹೆಪ್ಪುಗಟ್ಟಿಸಬೇಕು. ನಮಗೆ ಊರಿನ ಐಸ್‌ಕ್ಯಾಂಡಿಯವರು ತಮ್ಮ ಪೆಟ್ಟಿಗೆಯಲ್ಲಿ ಜಾಗ ಕೊಡುತ್ತಿದ್ದರು. ಎರಡನ್ನೂ ಎದೆಯೆತ್ತರದಿಂದ ಬಂಡೆಯ ಮೇಲೆ ಬಿಟ್ಟರೆ ಬರಿಯ ಮಂಜುಗಡ್ಡೆ ಚೂರಾಗುತ್ತದೆ. ಕಾಗದದ ಮಂಜುಗಡ್ಡೆ ಧೊಪ್ಪೆಂದು ಬಿದ್ದು ಇದ್ದಂತೆಯೇ ಇರುತ್ತದೆ, ನಿಧಾನವಾಗಿ ಕರಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜೆಫ್ರಿ ಪೈಕ್ ಎಂಬ ಆಂಗ್ಲರ ಯೋಜನೆಯಂತೆ ಇಂಥ ಮಂಜುಗಡ್ಡೆಯಿಂದ ಬೃಹತ್ ಹಡಗನ್ನೇ ಕಟ್ಟಬೇಕೆಂದು ಬ್ರಿಟನ್ ಯೋಚಿಸಿತ್ತು. 1943ರಲ್ಲಿ ಕೆನಡಾದ ಪೆಟ್ರೀಷಿಯಾ ಸರೋವರದಲ್ಲಿ ಮಂಜಿನ ಹಡಗಿನ ಮಾದರಿಯೊಂದನ್ನು ಕಟ್ಟಿ ನೋಡಿದರು. ಕಡೆಗೆ ಯೋಜನೆಯನ್ನು ಕೈಬಿಟ್ಟರು. ಆ ಮಂಜುಗಡ್ಡೆಯ ಬಲವನ್ನು ಪರೀಕ್ಷಿಸಿದ ಮ್ಯಾಕ್ಸ್ ಪೆರುಟ್ಸ್ ಅವರಿಗೆ ಮುಂದೆ 1962ರಲ್ಲಿ, ರಕ್ತದ ಹಿಮೋಗ್ಲೋಬಿನ್ನಿನ ರಚನೆಯನ್ನು ಬಿಡಿಸಿದ್ದಕ್ಕಾಗಿ ನೊಬೆಲ್ ಬಹುಮಾನ ಬಂದಿತು.

ಮೂರನೆಯದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ಬರಿಯ ಪ್ಲಾಸ್ಟರಿನ ಒಂದು ತೆಳು ಪಟ್ಟಿ, ನಡುವೆ ಸೊಳ್ಳೆಪರದೆಯ ತುಂಡನ್ನಿಟ್ಟ ಇನ್ನೊಂದು ಪಟ್ಟಿ. ಮೊದಲನೆಯದು ಬಿಸ್ಕತ್ತಿನಂತೆ ಮುರಿಯುತ್ತದೆ. ಎರಡನೆಯದು ಬಿರಿದರೂ ಬಟ್ಟೆಯ ಹಿಡಿತದಿಂದ ಕೂಡಿಯೇ ಇರುತ್ತದೆ. ಮುರಿದ ಕೈಗೆ ವೈದ್ಯರು ಹಾಕುವ ಕಟ್ಟು ಇದೇ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಹಳ ಬಿಸಿಯಾಗುವುದರಿಂದ ಮಕ್ಕಳು ಅದರೊಳಗೆ ಕೈಯಿಟ್ಟುಕೊಳ್ಳದಂತೆ ನೋಡಿಕೊಳ್ಳಬೇಕು. ಗಾಜಿನ ನಾರು ಮತ್ತು ರಾಳದ ಪ್ರಯೋಗಗಳನ್ನಂತೂ ಮಕ್ಕಳ ಕೈಯಿಂದ ಮಾಡಿಸಲೇಬಾರದು. ಗಾಜಿನ ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ. ರಾಳವನ್ನು ಗಟ್ಟಿ ಮಾಡುವ ದ್ರಾವಣಗಳು ಕಣ್ಣಿಗೂ ಉಸಿರಿಗೂ ಕೇಡು. ಮಣ್ಣು, ಕಾಗದ, ಅಂಟು ಕಲಿಸಿದ ಮೇಲೆ ಇವುಗಳನ್ನು ಬಾಯಿಮಾತಿನಲ್ಲಿ ಹೇಳಿದರೂ ಮಕ್ಕಳಿಗೆ ತಿಳಿಯುತ್ತದೆ.

ಹೀಗೆ ಕೈಯಿಂದ ಕಲಿತ ಮಕ್ಕಳಿಗೆ ದೊಡ್ಡ ಸಂಗತಿಗಳನ್ನು ಹೇಳುವುದೂ ಸುಲಭವಾಯಿತು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ನಮ್ಮ ದೇಶದ ಹಗುರ ಯುದ್ಧ ವಿಮಾನಕ್ಕೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಇಂಗಾಲದ ನಾರಿನ ಭಾಗಗಳನ್ನು ರೂಪಿಸಿಕೊಟ್ಟಿತ್ತು. ಅಲ್ಲಿ ನಾರು ಹುಲ್ಲಿನ ಸ್ಥಾನದಲ್ಲಿದೆ, ರಾಳ ಮಣ್ಣಿನ ಸ್ಥಾನದಲ್ಲಿದೆ. ಬಿದಿರು ಕಲಿಸಿದಂತೆ, ಎಳೆತ ಬರುವ ದಿಕ್ಕಿಗೆ ನಾರನ್ನು ಮಲಗಿಸುತ್ತಾರೆ. ಡಾ. ಅಬ್ದುಲ್ ಕಲಾಂ ಅವರು ಹೈದರಾಬಾದಿನಲ್ಲಿ ಕ್ಷಿಪಣಿ ಕಾರ್ಯದಲ್ಲಿದ್ದಾಗ, ಅಲ್ಲಿಯ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ಮೂಳೆವೈದ್ಯರೊಬ್ಬರು ಅಗ್ನಿ ಕ್ಷಿಪಣಿಗಾಗಿ ಸಿದ್ಧಪಡಿಸಿದ ಹಗುರ ವಸ್ತುವನ್ನು ಎತ್ತಿ ನೋಡಿ, ತಮ್ಮ ರೋಗಿಗಳನ್ನು ಅವರಿಗೆ ತೋರಿಸಿದರಂತೆ. ಮೂರು ಕಿಲೋಗಿಂತ ಹೆಚ್ಚು ತೂಕದ ಲೋಹದ ಆಸರೆಗಳನ್ನು ಕಾಲಿಗೆ ಕಟ್ಟಿಕೊಂಡು ಎಳೆಯ ಮಕ್ಕಳು ಕಾಲೆಳೆಯುತ್ತಿದ್ದರು. ಮೂರೇ ವಾರಗಳಲ್ಲಿ 300 ಗ್ರಾಂ ತೂಕದ ಆಸರೆಗಳನ್ನು ಮಾಡಿಕೊಟ್ಟೆವೆಂದು ಕಲಾಂ ಅವರು ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು. ಈ ಸಂಗತಿಯನ್ನು ಹೇಳಿದಾಗ ನಮ್ಮ ತರಗತಿ ನಿಶ್ಶಬ್ದವಾಗುತ್ತಿತ್ತು.

ಹಾಗೆಂದು ಮಣ್ಣಿನ ಗೋಡೆಯನ್ನು ಹೊಗಳಿ ಸುಮ್ಮನಾಗುವುದೂ ಸತ್ಯವಲ್ಲ. ಕೊನೆಯ ಪ್ರಯೋಗವಾಗಿ ಪಟ್ಟಿಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸುತ್ತಿದ್ದೆವು. ಹುಲ್ಲಿಲ್ಲದ ಪಟ್ಟಿ ಬೇಗ, ಹುಲ್ಲಿರುವುದು ತಡವಾಗಿ, ಆದರೆ ಎರಡೂ ಕರಗುತ್ತವೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ಅಲ್ಪ ಸಿಮೆಂಟನ್ನು ಕೂಡಿಸಿ ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಗಳ ಬಗ್ಗೆ ಕೆಲಸ ಮಾಡಿದ್ದು ಈ ಕೊರತೆಯನ್ನು ತುಂಬಲಿಕ್ಕೇ. ಯಾವ ವಸ್ತುವೂ ಕೀಳಲ್ಲ, ಯಾವುದೂ ಪರಿಪೂರ್ಣವೂ ಅಲ್ಲ. ಅದರ ಬಲವೆಲ್ಲಿ, ಮಿತಿಯೆಲ್ಲಿ ಎಂದು ಅರಿಯುವುದೇ ವಿಜ್ಞಾನ.

ಆ ತಂದೆ ಅಂದು ಸಾಲ ಮಾಡಲಿಲ್ಲ. ಗೋಡೆ ಉಳಿಯಿತು, ಹುಡುಗಿ ಶಾಲೆಗೆ ಬಂದಳು, ಹತ್ತನೆಯ ತರಗತಿಯನ್ನು ಒಳ್ಳೆಯ ರೀತಿಯಲ್ಲಿ ಮುಗಿಸಿದಳು. ಕೆಲವು ವರ್ಷಗಳಲ್ಲಿ ಅಜ್ಜಿ ತೀರಿಕೊಂಡರು. 2019ರ ಮಳೆಗೆ ಆ ಮನೆಯ ಪಡುವಣ ಗೋಡೆಯೂ ಬಿದ್ದಿತು. ಆಗ ತವರಿಗೆ ಬಂದಿದ್ದ ಅವಳು, ಮೊಣಕಾಲೆತ್ತರದವರೆಗೆ ಕಲ್ಲು ಕಟ್ಟಿಸಿ, ಸೂರನ್ನು ಒಂದು ಮೊಳ ಮುಂದೆ ಚಾಚಿಸಿ, ಮೇಲೆ ಅಜ್ಜಿಯ ಕ್ರಮದಲ್ಲಿಯೇ ಮಣ್ಣು ಕೊಳೆಹಾಕಿಸಿ ಗೋಡೆ ಎಬ್ಬಿಸಿದಳೆಂದು ಅವಳ ತಂದೆ ನಮಗೆ ಹೇಳಿದರು. ಬಿದ್ದ ಗೋಡೆಯ ಮಣ್ಣನ್ನೇ ಹೊಸ ಮಣ್ಣಿಗೆ ಕೂಡಿಸಿದ್ದಳಂತೆ.

ತಾಯಂದಿರೇ, ಹಿರಿಯರೇ, ನಿಮ್ಮಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮಗು ಶಾಲೆಯಿಂದ ಒಂದು ಹೊಸ ಪದವನ್ನು ಹೊತ್ತು ತಂದಾಗ, ಅದು ಮನೆಯಲ್ಲಿ ಎಲ್ಲಿದೆ ಎಂದು ಕೇಳಿರಿ. ಅದನ್ನು ಮಾಡಿ, ಮುರಿದು, ಮತ್ತೆ ಮಾಡಲು ಬಿಡಿರಿ. ಅಂಗಳ ಕೆಸರಾದರೆ ಆಗಲಿ. ಶಿಕ್ಷಕ ಬಂಧುಗಳಲ್ಲಿಯೂ ಒಂದು ಮಾತು. ಹಿಂದಿನ ಸಾಲಿನಿಂದ ಮಗುವೊಂದು ಎದ್ದು “ಅದೂ ಇದೇ ಏನ್ರೀ?” ಎಂದು ಕೇಳಿದರೆ ಉತ್ತರ ಕೊಡುವ ಮುನ್ನ ಒಂದು ಕ್ಷಣ ತಡೆಯಿರಿ. ಅಂದು ನಾವು ತಡೆಯಲಿಲ್ಲ. ಅಜ್ಜಿ ಮಾಡಿಕೊಟ್ಟ ಪಟ್ಟಿಗಳಲ್ಲಿ ಒಂದು, ಬಿರುಕುಬಿಟ್ಟು ಹುಲ್ಲಿನ ಎಳೆಗಳಿಂದ ಕೂಡಿಕೊಂಡಿರುವುದು, ಇಂದಿಗೂ ನಮ್ಮ ಓದುವ ಮೇಜಿನ ಮೇಲಿದೆ.